ಗಚ್ಚಿನ ಗೋಡೆಯೂ ಮಂಗಳೂರಿನ ಚಾಪೆಲ್ಲೂ

ಶ್ರೀ ವಿಜಯದಾಸರು (1682–1755) ಹುಟ್ಟಿದ ಊರೆಂದು ನಮ್ಮ ಚೀಕಲಪರ್ವಿಯನ್ನು ನಾಡು ಗುರುತಿಸುತ್ತದೆ. ತುಂಗಭದ್ರೆಯ ದಂಡೆಯ ಈ ಊರಿನವನಾದ ನಾನು ಕಡಲತೀರದ ಕ್ರೈಸ್ತ ಪ್ರಾರ್ಥನಾಮಂದಿರವೊಂದರ ಕುರಿತು ಬರೆಯಲು ಹೊರಟದ್ದನ್ನು ಕಂಡು ಓದುಗರಿಗೆ ಅಚ್ಚರಿಯಾದೀತು. ಅದಕ್ಕೆ ಕಾರಣ ಒಂದು ಗೋಡೆ.

ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ನಿಜಾಮರ ಕಾಲದ ಕೋಣೆಯೊಂದಿತ್ತು. ಕಲ್ಲಿನ ಗೋಡೆ, ಮೇಲೆ ಸುಣ್ಣದ ಗಚ್ಚು. ಅಲ್ಲಲ್ಲಿ ಗಚ್ಚು ಉದುರಿತ್ತು. ದುರಸ್ತಿಗೆ ಹಣ ಬಂದಾಗ ಎಲ್ಲವನ್ನೂ ಕೆತ್ತಿಸಿ ಸಿಮೆಂಟು ಬಳಿಸುವುದೆಂದು ತೀರ್ಮಾನಿಸಿದೆವು. ವಯಸ್ಸಾದ ಗೌಂಡಿಯೊಬ್ಬ, “ಇದಕ್ಕ ಸುಣ್ಣನ ಬೇಕ್ರಿ ಸರ, ಸಿಮೆಂಟ್ ಹಿಡಿಯಂಗಿಲ್ಲ” ಎಂದ. ನಾನು ಕಿವಿಗೊಡದೆ ಕಾಗದಕ್ಕೆ ಸಹಿ ಮಾಡಿದೆ. ಮೂರನೆಯ ಮಳೆಗಾಲ ಮುಗಿಯುವಷ್ಟರಲ್ಲಿ ಸಿಮೆಂಟು ಹಲ್ಲೆ ಹಲ್ಲೆಯಾಗಿ ಕಳಚಿತು. ಒಳಗಿನ ಕಲ್ಲಿನ ಸಂದುಗಳಿಂದ ಉಪ್ಪು ಬಿಳಿಯ ಪುಡಿಯಾಗಿ ಸುರಿಯತೊಡಗಿತು.

ಆ ವರ್ಷದ ಶೈಕ್ಷಣಿಕ ಪ್ರವಾಸದಲ್ಲಿ ಮಕ್ಕಳೊಂದಿಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿದೆ. ಹೊರಗಿನಿಂದ ಸಾಧಾರಣವಾಗಿ ಕಾಣುವ ಕಟ್ಟಡ. ಒಳಗೆ ಕಾಲಿಟ್ಟೊಡನೆ, ದಾರಿಯುದ್ದಕ್ಕೂ ಗದ್ದಲ ಮಾಡಿದ್ದ ಮಕ್ಕಳೂ ಮೌನವಾದರು. ಗೋಡೆ, ಕಮಾನು, ಮೇಲ್ಛಾವಣಿ ಎಲ್ಲೆಲ್ಲೂ ಚಿತ್ರಗಳು.

ಇಟಲಿಯ ಜೆಸ್ವಿಟ್ ಪಾದ್ರಿಗಳು 1880ರಲ್ಲಿ ಅಲ್ಲಿ ಕಾಲೇಜನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಚಾಪೆಲ್ಲೂ ಎದ್ದುನಿಂತಿತು. ಬೆರ್ಗಾಮೊದಲ್ಲಿ ಚಿತ್ರಕಲೆ ಕಲಿತು, ಬಳಿಕ ಸನ್ಯಾಸ ಸ್ವೀಕರಿಸಿದ್ದ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿ ಚಿತ್ರ ಬರೆದರು. ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತಲೇ ರೋಗ ತಗುಲಿ 1591ರಲ್ಲಿ ತೀರಿಕೊಂಡ ಯುವಸಂತ ಅಲೋಶಿಯಸ್ ಗೊನ್ಸಾಗನ ಬದುಕು ಛಾವಣಿಯ ಚಿತ್ರಗಳಲ್ಲಿದೆ. ಮೊಸ್ಕೇನಿ ತಮ್ಮ ನಾಡಿಗೆ ಮರಳಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ನಿಧನರಾದರು.

ಗೋಡೆಯ ಮೇಲಿನವು ಭಿತ್ತಿಚಿತ್ರಗಳು. ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಚ್ಚುವ ಕ್ರಮವಿದು. ಒಂದು ದಿನಕ್ಕೆ ಬರೆಯಬಹುದಾದಷ್ಟೇ ಜಾಗಕ್ಕೆ ಗಾರೆ ಬಳಿಯಬೇಕು. ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಮತ್ತೆ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಬಂದಿಯಾಗುತ್ತದೆ. ಹಾಗಾಗಿ ಅಲ್ಲಿ ಗೋಡೆ ಬೇರೆ, ಚಿತ್ರ ಬೇರೆ ಅಲ್ಲ. ಗೋಡೆಗೆ ನೀರಿಳಿದರೆ ಚಿತ್ರಕ್ಕೇ ಕುತ್ತು. ನಮ್ಮ ರಾಯಚೂರಿಗಿಂತ ಸುಮಾರು ಐದು ಪಟ್ಟು ಮಳೆ ಸುರಿಯುವ ಊರಿನಲ್ಲಿ ಇಂಥ ಚಿತ್ರಗಳು ಶತಮಾನ ದಾಟಿ ಉಳಿದದ್ದು ತಾನಾಗಿಯೇ ಅಲ್ಲ. ಇಂಟ್ಯಾಕ್ ಸಂಸ್ಥೆಯ ತಜ್ಞರು 1991ರಿಂದ 1994ರವರೆಗೆ ಅವುಗಳ ಸಂರಕ್ಷಣೆ ಮಾಡಿದರು.

ಸಂರಕ್ಷಣೆಯೆಂದರೆ ಹೊಸದಾಗಿಸುವುದಲ್ಲ ಎಂಬುದು ಆ ವಿದ್ಯೆಯ ಮೊದಲ ಪಾಠ. ಮೊದಲು ನೀರು ಬರುವ ದಾರಿ ಮುಚ್ಚಬೇಕು. ಆಮೇಲೆ ಕೊಳೆ ತೆಗೆಯಬೇಕು, ಬಿಟ್ಟುಕೊಂಡ ಗಾರೆಯನ್ನು ಮತ್ತೆ ಕೂರಿಸಬೇಕು. ಬಣ್ಣ ಹೋದಲ್ಲಿ ಮಾತ್ರ ಹಗುರವಾಗಿ ತುಂಬಬೇಕು. ಅದೂ ಮುಂದೆ ಬೇಕಾದರೆ ತೆಗೆಯಲು ಬರುವಂತಿರಬೇಕು. ಉಳಿದಿರುವ ಮೂಲಕ್ಕೆ ಕೈ ಹಚ್ಚಬಾರದು. ನಾನು ನನ್ನ ಶಾಲೆಯಲ್ಲಿ ಮಾಡಿದ್ದು ಇದಕ್ಕೆ ಸರಿಯಾಗಿ ತದ್ವಿರುದ್ಧ. ಸುಣ್ಣದ ಗೋಡೆ ಉಸಿರಾಡುತ್ತದೆ, ಒಳಗಿನ ತೇವವನ್ನು ಹೊರಬಿಡುತ್ತದೆ. ಸಿಮೆಂಟು ಆ ಬಾಯಿಯನ್ನು ಕಟ್ಟುತ್ತದೆ. ಒಳಗೇ ಉಳಿದ ನೀರು ಉಪ್ಪನ್ನು ಕರಗಿಸಿ ಕಲ್ಲನ್ನೇ ತಿನ್ನುತ್ತದೆ. ಗೌಂಡಿ ಒಂದೇ ಮಾತಿನಲ್ಲಿ ಹೇಳಿದ್ದು ಇದನ್ನೇ.

ಎಲ್ಲ ಇಗರ್ಜಿಗಳಿಗೂ ಈ ಭಾಗ್ಯವಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಇಗರ್ಜಿಯಿದೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಎದ್ದುಹೋಯಿತು. ಮಳೆಗಾಲದಲ್ಲಿ ಅರ್ಧ ಮುಳುಗುವುದು, ಬೇಸಿಗೆಯಲ್ಲಿ ಬಯಲಾಗುವುದು ಅದರ ಪಾಡು. ಚಿತ್ರ ತೆಗೆಯಲು ಜನ ಬರುತ್ತಾರೆ. ಗೋಡೆಗಳು ಮಾತ್ರ ಒಂದೊಂದಾಗಿ ಬೀಳುತ್ತಿವೆ. ಕಟ್ಟಡವನ್ನು ಉಳಿಸುವುದು ಮೊದಲಿಗೆ ಅದನ್ನು ಬಳಸುವ ಜನ, ಆಮೇಲೆ ತಜ್ಞರು ಎಂದು ನನಗೆ ಅನ್ನಿಸುವುದು ಇದರಿಂದಲೇ.

ನಮ್ಮ ಜಿಲ್ಲೆಗೂ ಈ ಚರಿತ್ರೆ ಹೊರತಲ್ಲ. ಆದಿಲಶಾಹಿಗಳ ಕಾಲದಿಂದಲೂ ಮುದಗಲ್ಲಿನಲ್ಲಿ ಕ್ಯಾಥೋಲಿಕರ ನೆಲೆಯಿದೆ. ಕೋಟೆ, ಗುಡಿ, ದರ್ಗಾ, ಇಗರ್ಜಿ ಯಾವುದಾದರೇನು, ಎಲ್ಲವನ್ನೂ ಹಿಡಿದು ನಿಲ್ಲಿಸಿದ್ದು ಅದೇ ಸುಣ್ಣ, ಅದೇ ಮರಳು, ಅಂಥದೇ ಗೌಂಡಿಗಳ ಕೈ.

ಪ್ರವಾಸದಿಂದ ಮರಳಿದವನೇ ಆ ಗೌಂಡಿಯನ್ನು ಹುಡುಕಿಕೊಂಡು ಹೋದೆ. ಆತ ತೀರಿಕೊಂಡು ಆರು ತಿಂಗಳಾಗಿತ್ತು. ಮಗನೂ ಗೌಂಡಿಯೇ, ಆದರೆ ಗಾಣದಲ್ಲಿ ಸುಣ್ಣ ಅರೆಯುವುದನ್ನು ಆತ ಕಲಿತಿರಲಿಲ್ಲ. “ಯಾರೂ ಕೇಳೋದಿಲ್ರಿ ಸರ, ಅದಕ್ಕ ಅಪ್ಪ ಕಲಿಸಲಿಲ್ಲ” ಎಂದ. ಕೇಳದವರಲ್ಲಿ ನಾನೂ ಒಬ್ಬ. ನಿಮ್ಮೂರಿನಲ್ಲಿ ಗಚ್ಚಿನ ಕೆಲಸ ಬಲ್ಲ ಹಿರಿಯರು ಯಾರಾದರೂ ಇದ್ದರೆ, ದಯವಿಟ್ಟು ಅವರಿಗೆ ಒಂದು ಗೋಡೆಯನ್ನು ಒಪ್ಪಿಸಿ; ಜೊತೆಗೆ ಒಬ್ಬ ಹುಡುಗನನ್ನೂ ನಿಲ್ಲಿಸಿ.