ಘಟಪ್ರಭಾ ಕಣಿವೆಯ ನದಿಗಳಲ್ಲಿ ಗಾಳದ ಮೀನುಗಾರಿಕೆ: ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳ ಜನಜೀವನಕ್ಕೆ ಘಟಪ್ರಭಾ ನದಿಯೇ ಆಧಾರವಾಗಿದೆ. ಈ ನದಿಯಲ್ಲಿಯೂ ಇದರ ಉಪನದಿಗಳಲ್ಲಿಯೂ ಹವ್ಯಾಸಕ್ಕಾಗಿ ಗಾಳ ಹಾಕಲು ಇಚ್ಛಿಸುವವರು, ನದಿಯ ಮೂಲದತ್ತ ಘಟ್ಟದ ಹೊಳೆಗಳಿಗೆ ಮೀನು ಹಿಡಿಯುವ ಪ್ರವಾಸ ಹೋಗಬಯಸುವವರು ಯಾವ ಸ್ಥಳದಲ್ಲಿ ಯಾರ ಅನುಮತಿ ಪಡೆಯಬೇಕು, ಯಾವ ಸ್ಥಳದಲ್ಲಿ ಗಾಳ ಹಾಕುವುದು ಅಪರಾಧವಾಗುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿದಿರುವುದು ಅವಶ್ಯಕ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಟ್ಟರೆ ಯಾವ ಅನುಮತಿಯೂ ಬೇಕಿಲ್ಲವೆಂಬ ತಪ್ಪು ತಿಳುವಳಿಕೆ ಅನೇಕರಲ್ಲಿದೆ. ಅರ್ಜಿದಾರರಿಗೆ ಅನುಕೂಲವಾಗಲೆಂದು ಈ ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ನದಿಯ ಪರಿಚಯ

ಘಟಪ್ರಭಾ ನದಿಯು ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಮಹಾರಾಷ್ಟ್ರದ ಚಂದಗಡ ಪ್ರದೇಶವನ್ನು ಹಾದು ಕರ್ನಾಟಕವನ್ನು ಪ್ರವೇಶಿಸುತ್ತದೆ. ಸುಮಾರು 283 ಕಿ.ಮೀ. ಹರಿದು ಬಾಗಲಕೋಟೆ ಜಿಲ್ಲೆಯ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಂಬೋಲಿಯ ಬಳಿ ಹುಟ್ಟಿ ಆಜರಾ, ಸಂಕೇಶ್ವರಗಳ ಮಾರ್ಗವಾಗಿ ಬರುವ ಹಿರಣ್ಯಕೇಶಿ ಮತ್ತು ಗೊಡಚಿನಮಲ್ಕಿಯಲ್ಲಿ ಜಲಪಾತವಾಗಿ ಧುಮುಕುವ ಮಾರ್ಕಂಡೇಯ ಇದರ ಉಪನದಿಗಳು.

ಅರ್ಜಿದಾರರ ದೃಷ್ಟಿಯಿಂದ ಈ ನದಿಯನ್ನು ನಾಲ್ಕು ಭಾಗಗಳಾಗಿ ವಿಂಗಡಿಸಬಹುದು.

1. ಘಟ್ಟದ ಮೇಲ್ಭಾಗ: ಇದು ಮಹಾರಾಷ್ಟ್ರ ರಾಜ್ಯದಲ್ಲಿದೆ. ಕರ್ನಾಟಕದ ಯಾವ ಇಲಾಖೆಯ ಅನುಮತಿಯೂ ಇಲ್ಲಿ ಅನ್ವಯಿಸುವುದಿಲ್ಲ. ಆ ರಾಜ್ಯದ ಮೀನುಗಾರಿಕೆ ಹಾಗೂ ಅರಣ್ಯ ಇಲಾಖೆಗಳಿಗೇ ಅರ್ಜಿ ಸಲ್ಲಿಸತಕ್ಕದ್ದು.

2. ಹಿಡಕಲ್ ಜಲಾಶಯ: ಹುಕ್ಕೇರಿ ತಾಲ್ಲೂಕಿನಲ್ಲಿರುವ ಈ ಅಣೆಕಟ್ಟೆಯ ಅಧಿಕೃತ ಹೆಸರು ರಾಜಾ ಲಖಮಗೌಡ ಜಲಾಶಯ. 1977ರಲ್ಲಿ ಪೂರ್ಣಗೊಂಡ ಇದರ ಸಂಗ್ರಹ ಸಾಮರ್ಥ್ಯ 51 ಟಿ.ಎಂ.ಸಿ. ಅಡಿ. ಅಣೆಕಟ್ಟೆ ಮತ್ತು ಕಾಲುವೆಗಳ ನಿರ್ವಹಣೆ ಕರ್ನಾಟಕ ನೀರಾವರಿ ನಿಗಮಕ್ಕೆ ಸೇರಿದೆ.

3. ಧೂಪದಾಳ ಹಿನ್ನೀರು: ಧೂಪದಾಳದಲ್ಲಿ 1897ರಲ್ಲಿ ಕಟ್ಟಲಾದ ಒಡ್ಡಿನ ಹಿಂದೆ ನಿಲ್ಲುವ ನೀರು ಹಾಗೂ ಅದರ ಮೇಲಣ ನದಿಪಾತ್ರವು ಘಟಪ್ರಭಾ ಪಕ್ಷಿಧಾಮವಾಗಿದೆ. 1974ರಲ್ಲಿ ಘೋಷಿತವಾದ ಈ ಅಭಯಾರಣ್ಯದ ವಿಸ್ತೀರ್ಣ ಸುಮಾರು 29.78 ಚದರ ಕಿ.ಮೀ. ಇದು ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕುಗಳಲ್ಲಿ ಹರಡಿದೆ. ಚಳಿಗಾಲದಲ್ಲಿ ದೂರದೇಶಗಳಿಂದ ಕೊಕ್ಕರೆ, ಕ್ರೌಂಚ ಮೊದಲಾದ ಪಕ್ಷಿಗಳು ಇಲ್ಲಿಗೆ ಬರುತ್ತವೆ.

4. ಜಲಪಾತ ಮತ್ತು ಬಯಲು: ಧೂಪದಾಳದ ಕೆಳಗೆ ನದಿಯು ಗೋಕಾಕ ಜಲಪಾತದಲ್ಲಿ 52 ಮೀಟರ್ ಆಳಕ್ಕೆ ಧುಮುಕಿ, ಕಮರಿಯನ್ನು ದಾಟಿ ಗೋಕಾಕ, ಮೂಡಲಗಿ ತಾಲ್ಲೂಕುಗಳ ಬಯಲಿಗೆ ಇಳಿಯುತ್ತದೆ.

ಒಂದೇ ನದಿಯಾದರೂ ಕೆಲವೇ ಮೈಲಿಗಳ ಅಂತರದಲ್ಲಿ ನಿಯಮ ಬದಲಾಗುತ್ತದೆ ಎಂಬುದನ್ನು ಅರ್ಜಿದಾರರು ಗಮನದಲ್ಲಿಡತಕ್ಕದ್ದು.

ಹೊಳೆಯ ಮೀನುಗಳು

ಗಾಳದ ಹವ್ಯಾಸಿಗಳು ಅತ್ಯಂತ ಬಯಸುವ ಮೀನು ಮಹಶೀರ್. ಕಾವೇರಿ ತೀರದಲ್ಲಿ ಇದನ್ನು ಬಿಳಿಮೀನು ಎಂದೂ ಕರೆಯುತ್ತಾರೆ. ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ ಇದಕ್ಕೆ ದೊಡ್ಡ ಹುರುಪೆ, ದಪ್ಪ ತುಟಿ ಮತ್ತು ಸೆಳವಿಗೆದುರಾಗಿ ಈಜುವ ಅಪಾರ ಬಲವಿರುತ್ತದೆ. ಕೃಷ್ಣಾ ಕಣಿವೆಗೆ ಸಹಜವಾದ ದಖ್ಖನ್ ಮಹಶೀರ್ ಜಾತಿಯನ್ನು 1839ರಲ್ಲಿ ಸೈಕ್ಸ್ ಎಂಬವರು ಪುಣೆ ಪ್ರಾಂತದ ಮುಳಾ-ಮುಠಾ ನದಿಯ ಮೀನಿನಿಂದ ಶಾಸ್ತ್ರೀಯವಾಗಿ ವರ್ಣಿಸಿದರು.

ಮಹಶೀರ್ ಮೀನಿಗೆ ಕಲ್ಲುಬಂಡೆಗಳ ನಡುವೆ ಹರಿಯುವ, ಪ್ರಾಣವಾಯು ಸಮೃದ್ಧವಾಗಿರುವ ತಿಳಿನೀರು ಬೇಕು. ಮುಂಗಾರಿನಲ್ಲಿ ಹೊಳೆ ತುಂಬಿದಾಗ ಅದು ಮೇಲಕ್ಕೆ ಸಾಗಿ ಜಲ್ಲಿಯ ತಳವಿರುವ ಕಡೆ ಮೊಟ್ಟೆಯಿಡುತ್ತದೆ. ಅಡ್ಡಗಟ್ಟೆಗಳು ಈ ಹಾದಿಯನ್ನು ತಡೆಯುತ್ತವೆ. ಮರಳು ತೆಗೆಯುವುದರಿಂದ ಮೊಟ್ಟೆಯಿಡುವ ತಾಣ ನಾಶವಾಗುತ್ತದೆ. ದೊಡ್ಡ ಮೀನು ಬೆಳೆಯಲು ಅನೇಕ ವರ್ಷಗಳು ಬೇಕಾದುದರಿಂದ ಒಂದು ಮಡುವಿನಿಂದ ನಾಲ್ಕಾರು ದೊಡ್ಡ ಮೀನುಗಳನ್ನು ತೆಗೆದರೂ ಅಲ್ಲಿಯ ಸಂತತಿಗೆ ಧಕ್ಕೆಯುಂಟಾಗುತ್ತದೆ.

ಬಯಲು ಭಾಗದ ನಿಂತ ನೀರಿನಲ್ಲಿ ಬಾಳೆ, ಕೊರವ ಮತ್ತು ವಿವಿಧ ಜಾತಿಯ ಗೆಂಡೆ ಮೀನುಗಳು ಗಾಳಕ್ಕೆ ಬೀಳುತ್ತವೆ.

ನದಿಯ ಮೂಲದಲ್ಲಿರುವ ಸಣ್ಣ ಮೀನುಗಳೂ ಬೆಲೆಯುಳ್ಳವೇ ಆಗಿವೆ. ಹಿರಣ್ಯಕೇಶಿಯ ಉಗಮದ ಬಳಿ ಅಂಬೋಲಿಯ ಮಹಾದೇವ ದೇವಾಲಯದ ಕೊಳದಲ್ಲಿ ಹೊಸ ಜಾತಿಯ ಪುಟ್ಟ ಮೀನೊಂದು ಪತ್ತೆಯಾಗಿ, 2020ರಲ್ಲಿ ಅದಕ್ಕೆ ನದಿಯ ಹೆಸರಿನಿಂದಲೇ ಸಿಸ್ಟುರಾ ಹಿರಣ್ಯಕೇಶಿ ಎಂದು ನಾಮಕರಣವಾಯಿತು. 2021ರಲ್ಲಿ ಮಹಾರಾಷ್ಟ್ರ ಸರ್ಕಾರವು 2.11 ಹೆಕ್ಟೇರ್ ವಿಸ್ತೀರ್ಣದ ಆ ಸ್ಥಳವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಘಟ್ಟದ ಹೊಳೆಗಳಿಗೆ ಹೋಗುವವರು ಇಂತಹ ತಾಣಗಳಲ್ಲಿ ಗಾಳ ಅಥವಾ ಬಲೆಯನ್ನು ಬಳಸಬಾರದು.

ಕರ್ನಾಟಕದಲ್ಲಿ ಗಾಳದ ಹವ್ಯಾಸದ ಹಿನ್ನೆಲೆ

ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಅವರು 1873ರಲ್ಲಿ ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯಾ' ಗ್ರಂಥದಿಂದ ದಕ್ಷಿಣ ಭಾರತದ ಮಹಶೀರ್ ಬೇಟೆ ಹೊರದೇಶಗಳಲ್ಲಿಯೂ ಪ್ರಸಿದ್ಧವಾಯಿತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಕದ ಮಹಶೀರ್ ಹಿಡಿದದ್ದು ದಾಖಲೆಯಾಗಿದೆ.

ಮುಂದೆ ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಮತ್ತು ದೊಡ್ಡಮಾಕಳಿಗಳಲ್ಲಿ ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ನಡೆದವು. ರಾಗಿ ಮುದ್ದೆಯನ್ನು ಗಾಳಕ್ಕೆ ಸಿಕ್ಕಿಸಿ, ಹರಿಗೋಲಿನಲ್ಲಿ ಕುಳಿತು ಮೀನು ಹಿಡಿದು, ತೂಕ ಮಾಡಿ ಮರಳಿ ಬಿಡುವ ಪದ್ಧತಿ ಅಲ್ಲಿತ್ತು. ಊರಿನವರು ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ದುಡಿಯುತ್ತಿದ್ದರು. ನದಿಯ ಈ ಭಾಗವು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದ್ದುದರಿಂದ, ವನ್ಯಜೀವಿ ಕಾನೂನಿನ ಪ್ರಕಾರ 2010ರ ದಶಕದ ಆರಂಭದಲ್ಲಿ ಗಾಳದ ಕ್ರೀಡೆಯನ್ನು ನಿಲ್ಲಿಸಲಾಯಿತು. ಗಾಳದ ಶಿಬಿರಗಳ ಕಾವಲು ಡೈನಮೈಟ್ ಹಾಕುವವರನ್ನು ದೂರವಿರಿಸುತ್ತಿತ್ತು ಎಂಬುದು ಹವ್ಯಾಸಿಗಳ ವಾದವಾಗಿತ್ತು. ಅಭಯಾರಣ್ಯದಲ್ಲಿ ಮನರಂಜನೆಗಾಗಿ ಯಾವ ಜೀವಿಯನ್ನೂ ಸೆರೆಹಿಡಿಯಲಾಗದು ಎಂಬುದು ಕಾನೂನಿನ ನಿಲುವಾಗಿತ್ತು.

ಕಾವೇರಿಯ ಅನುಭವದಿಂದ ಇನ್ನೊಂದು ಪಾಠವೂ ದೊರೆತಿದೆ. ಸಂತತಿ ಹೆಚ್ಚಲೆಂದು ಹಿಂದೆ ಕಾವೇರಿಗೆ ಬಿತ್ತಲಾದ ನೀಲಿರೆಕ್ಕೆಯ ಮಹಶೀರ್ ಹೊರಗಿನ ಜಾತಿಯಾಗಿದ್ದು, ಅದು ಹೆಚ್ಚಿದಂತೆ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ವಿರಳವಾಯಿತು. 2018ರಲ್ಲಿ ಈ ಗೂನುಬೆನ್ನಿನ ಮೀನಿನ ಶಾಸ್ತ್ರೀಯ ಹೆಸರು ಟಾರ್ ರೇಮದೇವಿ ಎಂದು ನಿರ್ಧಾರವಾಯಿತು. ಅದು ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿತು. ಆದುದರಿಂದ ಸಾರ್ವಜನಿಕರು ಸದುದ್ದೇಶದಿಂದಲಾದರೂ ಬೇರೆ ಕಡೆಯ ಮೀನುಮರಿಗಳನ್ನು ತಂದು ಹೊಳೆಗೆ ಬಿಡಬಾರದು.

ಅನ್ವಯವಾಗುವ ಕಾನೂನುಗಳು

ಅ) ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972: ಅಭಯಾರಣ್ಯದೊಳಗೆ ಪರವಾನಗಿಯಿಲ್ಲದೆ ಪ್ರವೇಶಿಸುವುದನ್ನು 27ನೆಯ ಪ್ರಕರಣವೂ, ಅಲ್ಲಿಯ ವನ್ಯಜೀವಿಗಳನ್ನು ನಾಶಪಡಿಸುವುದನ್ನು ಅಥವಾ ಹೊರತೆಗೆಯುವುದನ್ನು 29ನೆಯ ಪ್ರಕರಣವೂ ನಿರ್ಬಂಧಿಸುತ್ತವೆ. ಅಧ್ಯಯನ, ಛಾಯಾಗ್ರಹಣ, ಪ್ರವಾಸ ಮುಂತಾದ ಉದ್ದೇಶಗಳಿಗೆ 28ನೆಯ ಪ್ರಕರಣದಂತೆ ಪ್ರವೇಶ ಪರವಾನಗಿ ನೀಡಲು ಅವಕಾಶವಿದೆ. ಆದರೆ ಆ ಪರವಾನಗಿಯಿಂದ ಗಾಳ ಹಾಕುವ ಹಕ್ಕು ದೊರೆಯುವುದಿಲ್ಲ. ಕಾಯ್ದೆಯಲ್ಲಿ ಪ್ರಾಣಿ ಎಂಬ ಪದಕ್ಕೆ ಮೀನೂ ಸೇರುತ್ತದೆ. ಬೇಟೆ ಎಂಬ ಪದಕ್ಕೆ ಸೆರೆಹಿಡಿಯುವುದು ಹಾಗೂ ಅದಕ್ಕಾಗಿ ಮಾಡುವ ಪ್ರಯತ್ನವೂ ಸೇರುತ್ತದೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ 3 ವರ್ಷಗಳವರೆಗೆ ಸೆರೆವಾಸ, ಅಥವಾ 1 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅಭಯಾರಣ್ಯದೊಳಗಿನ ಬೇಟೆಗೆ ಇದಕ್ಕಿಂತ ಕಠಿಣ ಶಿಕ್ಷೆಯಿದೆ.

ಆ) ಕರ್ನಾಟಕ ಅರಣ್ಯ ಕಾಯ್ದೆ, 1963: ಕಾಯ್ದಿಟ್ಟ ಅರಣ್ಯದೊಳಗಿನ ಹೊಳೆಗಳಲ್ಲಿ ಅನುಮತಿಯಿಲ್ಲದೆ ಮೀನು ಹಿಡಿಯುವುದು ಮತ್ತು ನೀರಿಗೆ ವಿಷ ಬೆರೆಸುವುದು ಅಪರಾಧ.

ಇ) ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ, 1996: ಅರಣ್ಯೇತರ ಸಾರ್ವಜನಿಕ ಜಲಪ್ರದೇಶಗಳಲ್ಲಿ ಮೀನುಗಾರಿಕೆಯ ಪರವಾನಗಿ ಮತ್ತು ನಿಯಂತ್ರಣ ಈ ಕಾಯ್ದೆಗೆ ಒಳಪಟ್ಟಿವೆ. ಮುಂಗಾರಿನ ಸಂತಾನೋತ್ಪತ್ತಿ ಕಾಲದಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿ ಆದೇಶ ಹೊರಡಿಸುವುದುಂಟು. ಪ್ರವಾಸಕ್ಕೆ ಮುನ್ನ ಆ ವರ್ಷದ ಆದೇಶವನ್ನು ವಿಚಾರಿಸತಕ್ಕದ್ದು.

ಸಿಡಿಮದ್ದು ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ನಿಷೇಧಿಸಲಾಗಿದೆ. ಇವುಗಳಿಂದ ಮಡುವಿನ ಮರಿಮೀನುಗಳೆಲ್ಲವೂ ಸಾಯುವುದಲ್ಲದೆ, ಅದೇ ನೀರನ್ನು ಕುಡಿಯುವ ಜನ ಜಾನುವಾರುಗಳಿಗೂ ಅಪಾಯವಿದೆ.

ಅರ್ಜಿ ಸಲ್ಲಿಸುವ ಕ್ರಮ

1. ಮೊದಲು ಹೋಗಬೇಕಾದ ಸ್ಥಳದ ಗ್ರಾಮ, ದಡ ಮತ್ತು ತಾಲ್ಲೂಕನ್ನು ಗುರುತಿಸಿಕೊಳ್ಳತಕ್ಕದ್ದು.

2. ಆ ಸ್ಥಳವು ಪಕ್ಷಿಧಾಮಕ್ಕೆ ಅಥವಾ ಅರಣ್ಯಕ್ಕೆ ಸೇರಿದೆಯೇ ಎಂಬುದನ್ನು ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಪಕ್ಷಿಧಾಮದ ಗಡಿಯೊಳಗಿದ್ದಲ್ಲಿ ಗಾಳದ ಪ್ರವಾಸವನ್ನು ಕೈಬಿಟ್ಟು, ಪಕ್ಷಿ ವೀಕ್ಷಣೆಗೆ ಮಾತ್ರ ಅನುಮತಿ ಕೋರಬಹುದು.

3. ಅರಣ್ಯೇತರ ಪ್ರದೇಶವಾಗಿದ್ದಲ್ಲಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ಹೆಸರು, ವಿಳಾಸ, ಸ್ಥಳ, ದಿನಾಂಕ, ಜೊತೆಗಿರುವವರ ಸಂಖ್ಯೆ, ಬಳಸುವ ಸಲಕರಣೆ ಮತ್ತು ಮೀನನ್ನು ಮರಳಿ ಬಿಡಲಾಗುವುದೇ ಎಂಬ ವಿವರಗಳಿರಬೇಕು. ಗುರುತಿನ ಚೀಟಿಯ ಪ್ರತಿಯನ್ನು ಲಗತ್ತಿಸುವುದು ಸೂಕ್ತ.

4. ಆ ಜಲಭಾಗದ ಮೀನುಗಾರಿಕೆ ಹಕ್ಕನ್ನು ಸಹಕಾರ ಸಂಘಕ್ಕೆ ಅಥವಾ ಪರವಾನಗಿದಾರರಿಗೆ ನೀಡಲಾಗಿದೆಯೇ ಎಂದು ಕೇಳಿ ತಿಳಿಯತಕ್ಕದ್ದು. ನೀಡಿದ್ದಲ್ಲಿ ಅವರ ಒಪ್ಪಿಗೆಯೂ ಬೇಕಾಗುತ್ತದೆ. ಹವ್ಯಾಸಿಗೆ ಅದು ಒಂದು ದಿನದ ವಿನೋದವಾದರೂ ದಡದ ಮೀನುಗಾರ ಕುಟುಂಬಕ್ಕೆ ಅದೇ ನೀರು ಜೀವನೋಪಾಯವಾಗಿದೆ.

5. ಅಣೆಕಟ್ಟೆ, ಒಡ್ಡು ಮತ್ತು ಕಾಲುವೆಗಳ ಬಳಿ ಹೋಗಬೇಕಾದಲ್ಲಿ ನೀರಾವರಿ ನಿಗಮದ ಸ್ಥಳೀಯ ಕಛೇರಿಯ ಅನುಮತಿ ಪಡೆಯತಕ್ಕದ್ದು.

6. ಅರ್ಜಿ ಸಲ್ಲಿಸಿದಾಗ ಸ್ವೀಕೃತಿ, ಹಣ ಪಾವತಿಸಿದಾಗ ರಸೀದಿಯನ್ನು ತಪ್ಪದೆ ಪಡೆಯಬೇಕು. ಬಾಯಿಮಾತಿನ ಒಪ್ಪಿಗೆಯನ್ನು ಅನುಮತಿಯೆಂದು ಭಾವಿಸಬಾರದು.

ಹಕ್ಕು ಯಾರಿಗೆ ಸೇರಿದೆ, ಅಭಯಾರಣ್ಯದ ಗಡಿ ಎಲ್ಲಿದೆ ಎಂಬ ಮಾಹಿತಿ ಸುಲಭವಾಗಿ ದೊರೆಯದಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. 30 ದಿನಗಳೊಳಗೆ ಉತ್ತರ ನೀಡಬೇಕು. ಉತ್ತರ ಬಾರದಿದ್ದಲ್ಲಿ ಮುಂದಿನ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ.

ಮೀನನ್ನು ಮರಳಿ ಬಿಡುವ ವಿಧಾನ

ಅನುಮತಿ ಇರುವ ಸ್ಥಳಗಳಲ್ಲಿಯೂ ಮಹಶೀರ್ ಸಿಕ್ಕಿದಲ್ಲಿ ಅದನ್ನು ಜೀವಂತವಾಗಿ ಬಿಡುವುದು ಉಚಿತ. ಅದಕ್ಕಾಗಿ ಹಿಮ್ಮುಳ್ಳಿಲ್ಲದ ಒಂಟಿ ಗಾಳವನ್ನು ಬಳಸಬೇಕು. ಮೀನನ್ನು ಬಹಳ ಹೊತ್ತು ಆಡಿಸಿ ದಣಿಸಬಾರದು. ಒಣಗಿದ ಕೈಯಿಂದ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ಮೀನಿಗೆ ರೋಗ ತಗಲುವುದರಿಂದ ಕೈಯನ್ನು ಮೊದಲು ಒದ್ದೆ ಮಾಡಿಕೊಳ್ಳಬೇಕು. ಕಿವಿರಿಗೆ ಬೆರಳು ಹಾಕಬಾರದು. ಛಾಯಾಚಿತ್ರಕ್ಕಾಗಿ ನೀರಿನಿಂದ ಹೊರಗೆ ಎತ್ತಿ ಹಿಡಿಯಬಾರದು. ಮೀನಿನ ತಲೆ ಸೆಳವಿಗೆ ಎದುರಾಗಿರುವಂತೆ ಆಧರಿಸಿ ಹಿಡಿದು, ಅದು ತಾನಾಗಿ ಈಜಿ ಹೋಗುವವರೆಗೆ ಕಾಯಬೇಕು.

ಸುರಕ್ಷತಾ ಸೂಚನೆಗಳು

1. ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ಕೆಳಗಿನ ಹೊಳೆ ಮಳೆಯಿಲ್ಲದ ದಿನದಲ್ಲಿಯೂ ಏರುತ್ತದೆ. ಹೊರಡುವ ಮುನ್ನ ನೀರು ಬಿಡುಗಡೆಯ ಪ್ರಕಟಣೆಯನ್ನು ವಿಚಾರಿಸಬೇಕು. ನಡುಗಡ್ಡೆಯ ಬಂಡೆಗಳ ಮೇಲೆ ಕುಳಿತು ಗಾಳ ಹಾಕಬಾರದು.

2. ಗೋಕಾಕ ಮತ್ತು ಗೊಡಚಿನಮಲ್ಕಿ ಜಲಪಾತಗಳ ನೆತ್ತಿಯ ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ಅಲ್ಲಿ ನೀರಿಗೆ ಇಳಿಯಬಾರದು.

3. ವಿದ್ಯುತ್ ತಂತಿಗಳ ಕೆಳಗೆ ಉದ್ದನೆಯ ಗಾಳದ ಕೋಲನ್ನು ಎತ್ತಬಾರದು. ಗುಡುಗು ಮಿಂಚಿನ ವೇಳೆಯಲ್ಲಿ ದಡ ಬಿಟ್ಟು ಸುರಕ್ಷಿತ ಸ್ಥಳಕ್ಕೆ ತೆರಳಬೇಕು.

4. ಘಟ್ಟದ ಹೊಳೆಗಳಿಗೆ ಒಬ್ಬರೇ ಹೋಗಬಾರದು. ಹೋಗುವ ಸ್ಥಳ ಮತ್ತು ಹಿಂದಿರುಗುವ ಸಮಯವನ್ನು ಮನೆಯವರಿಗೂ ಸಮೀಪದ ಗ್ರಾಮಸ್ಥರಿಗೂ ತಿಳಿಸಿರಬೇಕು.

5. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಡಬಾರದು. ಅದು ಪಕ್ಷಿಗಳ ಕಾಲಿಗೆ ಸುತ್ತಿಕೊಂಡು ಅವುಗಳ ಸಾವಿಗೆ ಕಾರಣವಾಗುತ್ತದೆ.

ಸಾರ್ವಜನಿಕರ ಸಹಕಾರ

ಶೃಂಗೇರಿಯ ತುಂಗಾ ತೀರ, ಶಿಶಿಲದ ಕಪಿಲಾ ತೀರ ಮತ್ತು ಕಾವೇರಿ ತೀರದ ರಾಮನಾಥಪುರಗಳಲ್ಲಿ ದೇವಾಲಯದ ಬಳಿಯ ಮೀನುಗಳನ್ನು ಜನರೇ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ದೊಡ್ಡ ಮೀನುಗಳು ಮೆಟ್ಟಿಲುಗಳವರೆಗೆ ಬರುವುದನ್ನು ಯಾರಾದರೂ ನೋಡಬಹುದು. ಘಟಪ್ರಭಾ ಕಣಿವೆಯ ಗ್ರಾಮಗಳೂ ತಮ್ಮ ಊರಿನ ಮಡುಗಳನ್ನು ಇದೇ ರೀತಿ ಕಾಯಬಹುದಾಗಿದೆ. ಸಿಡಿಮದ್ದು, ವಿಷ ಅಥವಾ ವಿದ್ಯುತ್ ಬಳಸಿ ಮೀನು ಹಿಡಿಯುವುದು ಕಂಡುಬಂದಲ್ಲಿ ಸಮೀಪದ ಪೊಲೀಸ್ ಠಾಣೆ, ಅರಣ್ಯ ಅಥವಾ ಮೀನುಗಾರಿಕೆ ಕಛೇರಿಗೆ ಸ್ಥಳ ಮತ್ತು ಸಮಯ ಸಹಿತ ಕೂಡಲೇ ತಿಳಿಸಬೇಕೆಂದು ಕೋರಲಾಗಿದೆ.