ಆಟ ನಡೆಸುವವರ ಪಾಲು

ಚಿಂತಾಮಣಿ ತಾಲ್ಲೂಕಿನ ಕೈವಾರವು ತಾತಯ್ಯನವರ ಊರೆಂದು ಇಂದು ನಾಡಿಗೆಲ್ಲ ಪರಿಚಿತವಾಗಿದ್ದರೂ, ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ ಕಡೆಗೆ ಯೋಗಿಯಾದ ಆ ಮಹನೀಯರಿಗಿಂತ ಬಹು ಹಿಂದಿನ ಇನ್ನೊಂದು ಹೆಸರನ್ನು ಆ ಊರು ತನ್ನದೆಂದು ಹೇಳಿಕೊಳ್ಳುತ್ತ ಬಂದಿದೆ. ಮಹಾಭಾರತದ ಏಕಚಕ್ರಪುರವೇ ಇದು. ಅರಗಿನ ಮನೆಯಿಂದ ಪಾರಾದ ಪಾಂಡವರು ಬ್ರಾಹ್ಮಣವೇಷದಿಂದ ಭಿಕ್ಷಾನ್ನದಲ್ಲಿ ಕಾಲ ಕಳೆದದ್ದು ಇಲ್ಲಿ. ಭೀಮಸೇನನು ಬಕನನ್ನು ಕೊಂದದ್ದು ಇಲ್ಲಿಯ ಬೆಟ್ಟದಲ್ಲಿ. ನಂಬದವರು ಭೀಮಲಿಂಗೇಶ್ವರನ ಗುಡಿಯನ್ನು ನೋಡಿಕೊಂಡು ಬರಬಹುದು, ಎಂಬುದು ಊರವರ ವಾದ. ಬಂಗಾಳದ ಬೀರಭೂಮಿಯಲ್ಲಿಯೂ ಇದೇ ಹೆಸರನ್ನು ಹೇಳಿಕೊಳ್ಳುವ ಊರೊಂದಿದೆಯೆಂದು ಅವರಿಗೆ ತಿಳಿಸಹೋಗುವುದು ವ್ಯರ್ಥ. ನಾನು ಒಮ್ಮೆ ತಿಳಿಸಿ, ಕಾಫಿ ಸಿಗದೆ ಹಿಂದಿರುಗಿದ್ದೇನೆ.

ಆ ಬಕನ ಕಥೆಯಲ್ಲಿ ನಮ್ಮ ಹರಿಕಥೆಯವರು ಅಷ್ಟಾಗಿ ಲಕ್ಷ್ಯ ಕೊಡದ ಮಾತೊಂದುಂಟು. ಬಂಡಿಯಷ್ಟು ಅನ್ನ, ಎರಡು ಕೋಣ, ಅವನ್ನು ಹೊಡೆದುಕೊಂಡು ಹೋಗುವ ಒಬ್ಬ ಮನುಷ್ಯ, ಇಷ್ಟನ್ನು ಮನೆಯಿಂದ ಮನೆಗೆ ಸರದಿಯ ಮೇಲೆ ಕಳುಹಿಸುತ್ತಿದ್ದ ಆ ಊರಿನವರು ಅದನ್ನು ಸುಲಿಗೆಯೆಂದು ಕರೆಯಲಿಲ್ಲ. ಪರಚಕ್ರದ ಭಯದಿಂದ ಊರನ್ನು ಕಾಯುವುದಕ್ಕಾಗಿ ಬಕನಿಗೆ ಗೊತ್ತುಮಾಡಿದ ವೇತನವೆಂಬುದಾಗಿಯೇ ವ್ಯಾಸರು ಅದನ್ನು ಹೇಳಿಸಿದ್ದಾರೆ. ಹತ್ತು ಜನ ಕೂಡಿದೆಡೆಯಲ್ಲಿ ಕಾಯುವವನೊಬ್ಬ ಬೇಕು. ಕಾಯುವವನಿಗೆ ಒಂದು ಪಾಲು ಸಲ್ಲಬೇಕು. ಆ ಪಾಲು ಎಷ್ಟು, ಯಾರು ಕೊಡತಕ್ಕದ್ದು ಎಂಬುದರಲ್ಲಿಯೇ ತಕರಾರು. ಆಟದ ವಿಷಯದಲ್ಲಿ ಈ ತಕರಾರು ನಮ್ಮ ಸೀಮೆಯಲ್ಲಿ ಯಾವ ಯಾವ ರೂಪಗಳನ್ನು ತಾಳಿತೆಂದು ವಿಚಾರಿಸುವ ಅಪೇಕ್ಷೆ ನನಗೆ ಹುಟ್ಟಿದ್ದು, ಈಚೆಗೆ ಕೈವಾರಕ್ಕೆ ಹೋಗಿದ್ದಾಗ, ನನ್ನ ತಂಗಿಯ ಮೊಮ್ಮಗನು ಮೊಬೈಲನ್ನು ಕೈಯಲ್ಲಿ ಹಿಡಿದು, ತಾನು ಆಡದೆ, ನೂರು ಮಂದಿಯನ್ನು ಆಡಿಸುತ್ತಿದ್ದುದನ್ನು ಕಂಡಾಗ.

ಆಟ ನಡೆಸುವವನಿಗೆ ನಮ್ಮ ಪ್ರಾಚೀನರು ‘ಸಭಿಕ’ನೆಂಬ ಹೆಸರನ್ನಿಟ್ಟಿದ್ದರು. ಈಗ ಭಾಷಣ ಕೇಳಲು ಕುಳಿತವರನ್ನೆಲ್ಲ ಸಭಿಕರೆನ್ನುವೆವಾದರೂ, ಧರ್ಮಶಾಸ್ತ್ರದಲ್ಲಿ ಸಭಿಕನೆಂದರೆ ದ್ಯೂತಸಭೆಯ ಯಜಮಾನ. ಕೌಟಿಲ್ಯನು ಈ ವ್ಯವಹಾರಕ್ಕೆಂದೇ ದ್ಯೂತಾಧ್ಯಕ್ಷನೊಬ್ಬನನ್ನು ನೇಮಿಸಿ, ಜೂಜೆಲ್ಲವೂ ಒಂದೇ ಕಡೆ ಅವನ ಕಣ್ಣೆದುರಿಗೆ ನಡೆಯಬೇಕೆಂದು ವಿಧಿಸಿದ್ದಾನೆ. ಯಾಜ್ಞವಲ್ಕ್ಯಸ್ಮೃತಿಯು ಲೆಕ್ಕವನ್ನು ಇನ್ನೂ ಬಿಡಿಸಿ ಹೇಳುತ್ತದೆ. ಅದಕ್ಕೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನಾದುದರಿಂದ ಇದನ್ನು ಕನ್ನಡನಾಡಿನ ಲೆಕ್ಕವೆಂದೇ ನಾವು ಭಾವಿಸಬಹುದು. ಪಣವು ನೂರು ಅಥವಾ ಅದಕ್ಕೆ ಮೇಲ್ಪಟ್ಟಿದ್ದಲ್ಲಿ ಗೆದ್ದವನಿಂದ ನೂರಕ್ಕೆ ಐದು, ಅದಕ್ಕಿಂತ ಕಡಿಮೆಯಿದ್ದಲ್ಲಿ ನೂರಕ್ಕೆ ಹತ್ತು, ಇದು ಸಭಿಕನ ಪಾಲು. ಇದಕ್ಕೆ ಪ್ರತಿಯಾಗಿ ಅವನು ರಾಜನ ಭಾಗವನ್ನು ರಾಜನಿಗೆ ಒಪ್ಪಿಸಬೇಕು, ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಸಲ್ಲಿಸಬೇಕು, ಕ್ಷಮಾವಂತನೂ ಸತ್ಯವಾದಿಯೂ ಆಗಿರಬೇಕು. ಮೋಸದ ದಾಳವನ್ನು ಬಳಸಿದವನನ್ನು ಮೈಮೇಲೆ ಗುರುತು ಹಾಕಿ ರಾಜನು ಊರಿನಿಂದ ಹೊರದೂಡಬೇಕು. ವ್ಯಾಜ್ಯ ಬಂದರೆ ಸಾಕ್ಷಿ ಯಾರು? ಆಡುವವರೇ, ಏಕೆಂದರೆ ಅಲ್ಲಿದ್ದವರು ಅವರೇ. ಸಭಿಕನಿಗೆ ಸ್ಮೃತಿಕಾರನು ಬೇಡಿದ ಗುಣಗಳಲ್ಲಿ ಕ್ಷಮೆಯೂ ಒಂದೆಂಬುದನ್ನು ನಾನು ಎರಡು ಮೂರು ಸಲ ಓದಿದೆ. ಜೂಜುಗಾರರ ನಡುವೆ ಒಂದು ಸಂಜೆ ಕುಳಿತಿದ್ದವನಲ್ಲದೆ ಅನ್ಯನಿಗೆ ಆ ಮಾತು ಹೊಳೆಯುವಂತಿಲ್ಲ.

ಸಭಿಕರೆಲ್ಲರೂ ಕ್ಷಮಾವಂತರಾಗಿದ್ದರೆಂದಲ್ಲ. ಶೂದ್ರಕನ ಮೃಚ್ಛಕಟಿಕದಲ್ಲಿ ಮಾಥುರನೆಂಬ ಸಭಿಕನು, ಹತ್ತು ಸುವರ್ಣ ಸೋತು ಓಡಿಹೋದ ಸಂವಾಹಕನನ್ನು ಬೀದಿಬೀದಿಯಲ್ಲಿ ಬೆನ್ನಟ್ಟುತ್ತಾನೆ. ಓಡಿದವನು ಹಿಮ್ಮುಖನಾಗಿ ಹೆಜ್ಜೆಯಿಟ್ಟು ಪಾಳುಗುಡಿಯನ್ನು ಹೊಕ್ಕು ದೇವರ ಪ್ರತಿಮೆಯಂತೆ ನಿಂತುಬಿಡುತ್ತಾನೆ. ಬೆನ್ನಟ್ಟಿದವರು ಆ ‘ಪ್ರತಿಮೆ’ಯ ಎದುರಿಗೇ ಕುಳಿತು ಆಡತೊಡಗಲು, ದಾಳದ ಸದ್ದನ್ನು ಕೇಳಿ ತಡೆಯಲಾರದೆ ದೇವರೇ ಆಟಕ್ಕೆ ಇಳಿಯುತ್ತಾನೆ. ಇನ್ನು ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಒಂದನ್ನು ಕ್ರೀಡೆಗಳಿಗೇ ಮೀಸಲಿಟ್ಟನು. ತಂದೆಯ ಕಾಲದಲ್ಲಿ ಆಟದ ಕಾನೂನು, ಮಗನ ಕಾಲದಲ್ಲಿ ಆಟದ ಆನಂದ. ಆದರೆ ಅರಸನ ಆಟವನ್ನು ನಡೆಸಿದ ಸೇವಕರ ಪಾಲೇನೆಂಬುದನ್ನು ಅರಸನು ಬರೆಯುವನೇ!

ನಡೆಸುವವನಿಲ್ಲದ ಆಟದ ಗತಿಯೇನೆಂಬುದಕ್ಕೆ ಹಸ್ತಿನಾವತಿಯ ಸಭೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. ಪಣವನ್ನೊಡ್ಡುವವನು ದುರ್ಯೋಧನ, ದಾಳವನ್ನು ಹಾಕುವವನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬನು ಆಡುವುದು ಸಮವಲ್ಲವೆಂದು ಧರ್ಮರಾಯನೇ ಆಕ್ಷೇಪಿಸಿದನು. ತೀರ್ಪು ಕೊಡತಕ್ಕ ಸಭಿಕನೊಬ್ಬನು ಅಲ್ಲಿದ್ದಿದ್ದರೆ ಆಟ ಅಲ್ಲಿಗೇ ನಿಲ್ಲಬೇಕಾಗಿತ್ತು. ಭೀಷ್ಮರಿದ್ದರು, ದ್ರೋಣರಿದ್ದರು, ಸಭಿಕನಿರಲಿಲ್ಲ.

ಈಗ ನಮ್ಮ ಕಡೆಯ ಆಟಕ್ಕೆ ಬರೋಣ. 2007ರಲ್ಲಿ ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಕೋಲಾರದ ಸೀಮೆ; ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮೂಡಲಪಾಯದ ಬಯಲಾಟವನ್ನು ಇಲ್ಲಿ ಕೇಳಿಕೆಯೆನ್ನುವರು. ಅದರ ಭಾಗವತನೇ ಗುರು, ಸೂತ್ರಧಾರ, ಪಂಚಾಯಿತಿದಾರ. ಕೇಳಿಕೆ ಹಿಂದೆ ಸರಿದು ಕಂಪನಿ ನಾಟಕಗಳ ಮಾದರಿಯ ಪೌರಾಣಿಕ ನಾಟಕ ಮುಂದೆ ಬಂದಾಗ ಭಾಗವತನ ಗದ್ದುಗೆಯ ಮೇಲೆ ಹಾರ್ಮೋನಿಯಂ ಮೇಷ್ಟ್ರು ಕುಳಿತರು. ನನ್ನ ಹದಿನಾರನೆಯ ವಯಸ್ಸಿನಲ್ಲಿ, ಅಕ್ಷರ ದುಂಡಗಿದೆಯೆಂಬ ಒಂದೇ ಯೋಗ್ಯತೆಯಿಂದ, ನಾನು ಅಂಥ ಒಬ್ಬ ಮೇಷ್ಟ್ರಿಗೆ ಪಟ್ಟಿ ಬರೆಯುವವನಾಗಿ ಎರಡು ವರ್ಷ ದುಡಿದೆನು. ದುಡಿದೆನೆಂದರೆ ಸಂಬಳಕ್ಕಲ್ಲ.

‘ಕುರುಕ್ಷೇತ್ರ’ವೆಂಬ ನಾಟಕವನ್ನು ಊರವರು ಆಡಬೇಕಾದರೆ ಮೊದಲ ಯುದ್ಧ ನಡೆಯುವುದು ಪಾತ್ರಗಳ ಹಂಚಿಕೆಯಲ್ಲಿ. ಪಾತ್ರ ಮಾಡುವವನೇ ಹಣ ಕೊಡಬೇಕೆಂಬುದು ಈ ಆಟದ ವಿಶೇಷ. ದುರ್ಯೋಧನನಿಗೆ ಒಂದು ದರ, ಶಕುನಿಗೆ ಒಂದು ದರ, ದ್ವಾರಪಾಲಕನಿಗೆ ಬಹುಮಟ್ಟಿಗೆ ಪುಕ್ಕಟೆ. ಇಬ್ಬರು ಕುಳಗಳು ಒಂದೇ ಪಾತ್ರಕ್ಕೆ ಹಟ ಹಿಡಿದರೆ ಮೇಷ್ಟ್ರು ಯುಕ್ತಿ ಮಾಡಿ ಕೃಷ್ಣನನ್ನು ಎರಡು ಮಾಡುತ್ತಿದ್ದರು. ಕರಪತ್ರದಲ್ಲಿ ‘ಒಂದನೆಯ ಕೃಷ್ಣ’, ‘ಎರಡನೆಯ ಕೃಷ್ಣ’ರೆಂದು ಅಚ್ಚಾಗುತ್ತಿತ್ತು. ಸಂಧಾನಕ್ಕೆ ಹೊರಟ ಕೃಷ್ಣ ಗಿಡ್ಡಗೆ, ಹಸ್ತಿನಾವತಿಗೆ ಬಂದಿಳಿದ ಕೃಷ್ಣ ಎತ್ತರಕ್ಕೆ ಇರುತ್ತಿದ್ದನು; ಪ್ರೇಕ್ಷಕರು ಅದಕ್ಕೇನೂ ಬೇಸರಪಡುತ್ತಿರಲಿಲ್ಲ. ಆಟದ ರಾತ್ರಿ ಸೀನರಿಯ ಹಿಂದೆ ನನ್ನ ಕೆಲಸ ಇನ್ನೊಂದು. ಮುಯ್ಯಿ ಬಂದಾಗ ಯಾರು, ಯಾರ ಪಾತ್ರಕ್ಕೆ, ಎಷ್ಟು ಎಂಬುದನ್ನು ಚೀಟಿಯಲ್ಲಿ ಬರೆದು ಮೈಕಿನವನಿಗೆ ಕೊಡಬೇಕು. ದ್ರೌಪದಿಯ ಸೀರೆಗೆ ಕೈಹಾಕಿದ ದುಶ್ಶಾಸನನು ಹಾಗೆಯೇ ನಿಂತು, ಅವನ ಭಾವಮೈದುನನು ಐದು ರೂಪಾಯಿ ಮುಯ್ಯಿ ಮಾಡಿದ್ದನ್ನು ಮೈಕಿನಲ್ಲಿ ಕೂಗಿಸಿಕೊಂಡು, ಕೈಮುಗಿದು, ಅನಂತರ ಸೀರೆಯೆಳೆಯುವುದನ್ನು ಮುಂದುವರಿಸುವನು. ಒಂದು ರಾತ್ರಿ ನಾನು ಒಂದು ಚೀಟಿಯನ್ನು ಕಳೆದುಬಿಟ್ಟೆ. ಆ ಹೆಸರಿನವರು ಮೂರು ವರ್ಷ ನಮ್ಮ ಮನೆಯವರೊಂದಿಗೆ ಮಾತು ಬಿಟ್ಟಿದ್ದರು. ಮೇಷ್ಟ್ರಿಗಾದರೋ ಕೊನೆಯ ದಿನ ಶಾಲು, ತಟ್ಟೆಯಲ್ಲಿ ಸಂಭಾವನೆ. ತಾಲೀಮಿನ ತಿಂಗಳುಗಳಲ್ಲೆಲ್ಲ ಸರದಿಯ ಮೇಲೆ ಮನೆಮನೆಯಿಂದ ಊಟ. ಬಕನಿಗೆ ಬಂಡಿಯಂತೆ ಇವರಿಗೆ ಬುತ್ತಿ, ಎಂದು ಅವರೇ ನಗುತ್ತಿದ್ದರು.

ಇದೇ ಊರುಗಳಲ್ಲಿ ಯುಗಾದಿಯ ಮರುದಿನ, ವರ್ಷದ ತೊಡಕಿನ ಮಧ್ಯಾಹ್ನ, ಮಾಂಸದೂಟದ ಮೇಲೆ ಹುಣಸೆಯ ಮರದ ಕೆಳಗೆ ಇಸ್ಪೀಟಿಗೆ ಕೂಡುವ ಇನ್ನೊಂದು ಮಂಡಲಿಯುಂಟು. ಅಲ್ಲಿಯೂ ಚಾಪೆ ಹಾಸಿ, ಎಲೆ ತಂದು, ಜಗಳ ಬಿಡಿಸಿ, ಪ್ರತಿ ಆಟಕ್ಕೆ ಇಷ್ಟೆಂದು ತೆಗೆದುಕೊಳ್ಳುವವನೊಬ್ಬನಿರುವನು. ಮಿತಾಕ್ಷರದ ಸಭಿಕನೇ, ಸಂದೇಹವಿಲ್ಲ. ಆದರೆ ರಾಜನ ರಕ್ಷೆ ಅವನಿಗೆ ತಪ್ಪಿಹೋಗಿದೆ. 1963ರ ಪೊಲೀಸು ಕಾಯಿದೆಯು ಜೂಜುಮನೆಯನ್ನು ನಡೆಸುವವನನ್ನು 79ನೆಯ ಪ್ರಕರಣದಲ್ಲಿ ಹಿಡಿಯುತ್ತದೆ, ಆಡುವವನನ್ನು ಅದರ ನಂತರದ ಪ್ರಕರಣದಲ್ಲಿ.

ಇನ್ನು ಯಂತ್ರದ ಆಟಕ್ಕೆ ಬರೋಣ. ಕಂಪ್ಯೂಟರಿನ ತಂತಿಯ ಮೇಲೆ ಜನ ಕೂಡಿ ಆಡಿದ ಹಳೆಯ ಆಟಗಳಲ್ಲಿ ಒಂದು ಹುಟ್ಟಿದ್ದು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ. 1978ರಲ್ಲಿ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿ ಆರಂಭಿಸಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮಡ್ ಎಂಬ ಆಟವದು. ಚಿತ್ರವಿಲ್ಲ, ಬರಿಯ ಅಕ್ಷರ. ಸಾಕಷ್ಟು ಅಂಕ ಗಳಿಸಿದವನು ಅಲ್ಲಿ ‘ವಿಝರ್ಡ್’, ಅಂದರೆ ಮಾಂತ್ರಿಕನಾಗಿ, ಉಳಿದವರನ್ನು ನಿಗ್ರಹಿಸುವ ಅಧಿಕಾರವನ್ನು ಪಡೆಯುತ್ತಿದ್ದನು. ಚೆನ್ನಾಗಿ ಆಡಿದವನಿಗೆ ಆಡಿಸುವ ಹೊರೆ, ಅದೇ ಬಹುಮಾನ. 1997ರಲ್ಲಿ ಬಂದ ಅಲ್ಟಿಮಾ ಆನ್‌ಲೈನ್ ಎಂಬ ದೊಡ್ಡ ಆಟದಲ್ಲಿಯೂ ಹೊಸಬರಿಗೆ ದಾರಿ ತೋರುತ್ತಿದ್ದವರು ಕೌನ್ಸಿಲರುಗಳೆಂಬ ಸ್ವಯಂಸೇವಕರು; ತಾವು ಮಾಡುತ್ತಿರುವುದು ನೌಕರಿಯಾದುದರಿಂದ ಕೂಲಿ ಬರಬೇಕೆಂದು ಅವರಲ್ಲಿ ಕೆಲವರು 2000ದಲ್ಲಿ ನ್ಯಾಯಾಲಯದ ಮೆಟ್ಟಿಲೇರಿದರು. ಅಮೆರಿಕದವರಿಗೆ ಇದು ಹೊಸ ವ್ಯಾಜ್ಯವೆನಿಸಿರಬಹುದು, ಏಕಚಕ್ರಪುರದವರಿಗಲ್ಲ.

ನಮ್ಮ ಊರುಗಳಿಗೆ ಈ ಬಗೆಯ ಆಟ ಬಂದದ್ದು ಕಂಪ್ಯೂಟರಿನ ಮೇಲಲ್ಲ, ಕೈಯಲ್ಲಿಯ ಫೋನಿನ ಮೇಲೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲ್ ಎಂಬ ಕಾಳಗದ ಆಟ ಬಂದಿತು. ಕುರಿಯ ಹಿಂದೆ ಹೋದ ಹುಡುಗನೂ ಹೆಲ್ಮೆಟ್ಟು ಬಂದೂಕುಗಳ ಮಾತನಾಡತೊಡಗಿದನು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರವು ಅದನ್ನು ಇತರ ಆ್ಯಪುಗಳೊಡನೆ ನಿಷೇಧಿಸಲು, ಮರುವರ್ಷ ಅದು ಬಿಜಿಎಂಐ ಎಂಬ ಹೆಸರಿನಿಂದ ಹಿಂದಿರುಗಿ, 2022ರಲ್ಲಿ ಮತ್ತೆ ಮಾಯವಾಗಿ, 2023ರಲ್ಲಿ ಮತ್ತೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಆಡುವವರು ವಾಟ್ಸಾಪಿನಲ್ಲಿಯೂ ಡಿಸ್ಕಾರ್ಡಿನಲ್ಲಿಯೂ ಗುಂಪು ಕಟ್ಟಿಕೊಂಡಿದ್ದರು. ಗುಂಪಿದ್ದೆಡೆ ಸಭಿಕನೂ ಹುಟ್ಟಿದನು. ಅವನ ಈಗಿನ ಹೆಸರು ಅಡ್ಮಿನ್.

ನನ್ನ ತಂಗಿಯ ಮೊಮ್ಮಗನು ಇಂಥ ಒಂದು ಗುಂಪಿನ ಅಡ್ಮಿನ್ನರಲ್ಲಿ ಮೂರನೆಯವನು. ಒಂದು ರಾತ್ರಿ ಅವನ ಪಕ್ಕದಲ್ಲಿ ಕುಳಿತು ನೋಡಿದೆ. ಒಂದು ಆಟಕ್ಕೆ ನೂರು ಮಂದಿ. ನಾಲ್ವರದೊಂದು ಸ್ಕ್ವಾಡಿನಂತೆ ಇಪ್ಪತ್ತೈದು ಸ್ಲಾಟು. ಸಂಜೆಯೇ ಹೆಸರುಗಳನ್ನು ಬರೆದುಕೊಂಡು ಸ್ಲಾಟಿನ ಪಟ್ಟಿಯನ್ನು ಹೊರಡಿಸಬೇಕು. ಒಂಬತ್ತಕ್ಕೆ ಆಟವಾದರೆ ಹತ್ತು ನಿಮಿಷ ಮುಂಚೆ ರೂಮಿನ ಐಡಿಯನ್ನೂ ಪಾಸ್‌ವರ್ಡನ್ನೂ ಹಾಕಬೇಕು. ಎಂಟೂವರೆಯಿಂದಲೇ “ಅಣ್ಣಾ, ಐಡಿ ಪಾಸ್ ಹಾಕು”, “ಅಣ್ಣಾ, ನಮ್ಮ ಸ್ಲಾಟಲ್ಲಿ ಬೇರೆ ಟೀಮ್ ಕೂತೈತೆ” ಎಂಬ ಕೂಗು. ಒಂದು ತಂಡದವನು ಅಣ್ಣನ ಐಡಿಯಲ್ಲಿ ಆಡುತ್ತಿರುವನೆಂದು ದೂರು ಬಂದಿತು. ಒಬ್ಬನ ಪರವಾಗಿ ಇನ್ನೊಬ್ಬ! ಇವನು ವಿಡಿಯೋ ತರಿಸಿ ನೋಡಿ, ಕೆಟ್ಟ ಮಾತು ಕೇಳಿ, ಪ್ರತಿಯಾಗಿ ಒಂದೂ ಆಡದೆ, ಆ ತಂಡವನ್ನು ಹೊರಗೆ ಹಾಕಿದನು. ಹ್ಯಾಕ್ ಹಾಕಿದವನನ್ನು ಬ್ಯಾನ್ ಮಾಡಿ, ಅವನ ಐಡಿಯನ್ನು ಎಲ್ಲ ಗುಂಪುಗಳಿಗೂ ಕಳುಹಿಸುವರಂತೆ; ಮೈಮೇಲಿನ ಗುರುತಿಗೆ ಬದಲಾಗಿ ಹೆಸರಿನ ಮೇಲೆ ಗುರುತು. ಆಟ ಮುಗಿದ ಮೇಲೆ ಒಬ್ಬೊಬ್ಬರು ಕಳುಹಿಸಿದ ಸ್ಕ್ರೀನ್‌ಶಾಟುಗಳನ್ನು ಕೂಡಿಸಿ ಅಂಕಪಟ್ಟಿ ಮಾಡುವ ಹೊತ್ತಿಗೆ ಹನ್ನೊಂದು ಗಂಟೆ. ರೂಮನ್ನು ತೆರೆಯಲು ಬೇಕಾದ ಕಾರ್ಡಿಗೆ ಅವನದೇ ಹಣ.

ಎಲ್ಲ ಗುಂಪುಗಳೂ ಹೀಗಲ್ಲ. ತಂಡಕ್ಕಿಷ್ಟೆಂದು ಎಂಟ್ರಿ ತೆಗೆದುಕೊಂಡು, ಗೆದ್ದವರಿಗೆ ಹಂಚಿ, ಉಳಿದುದನ್ನು ತಾವಿಟ್ಟುಕೊಳ್ಳುವ ಅಡ್ಮಿನ್ನರೂ ಇರುವರು. ಅವರ ಕಡೆಗೆ ಕಾನೂನಿನ ಕಣ್ಣು ಹಲವು ಬಾರಿ ಹೊರಳಿದೆ. 2021ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯವು ಪೊಲೀಸು ಕಾಯಿದೆಯನ್ನು ತಿದ್ದಿ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕುಶಲತೆಯ ಆಟಗಳೆಂಬುದನ್ನೂ ಲೆಕ್ಕಿಸದೆ, ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯಾಂಶಗಳನ್ನು ತಳ್ಳಿಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಇ-ಸ್ಪೋರ್ಟ್ಸನ್ನು ಆದರಿಸಿ, ಹಣದಾಟವನ್ನು ಒದಗಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡವೆಂದಿದೆ, ಆಡುವವನಿಗೆ ಶಿಕ್ಷೆಯಿಲ್ಲ. ನೂರಕ್ಕೆ ಐದರ ಪಾಲುದಾರನಾಗಿದ್ದವನು ಎಲ್ಲಿಂದ ಎಲ್ಲಿಗೆ ಬಂದ! ಹಣದಾಟದಿಂದ ಮನೆಮಠ ಕಳೆದುಕೊಂಡವರನ್ನು ಕಂಡಿರುವ ನಾನು ಈ ಕಾಯಿದೆಯನ್ನು ಹಳಿಯಲಾರೆ. ಆದರೂ ಕಾಸು ಮುಟ್ಟದೆ ಆಡಿಸುವವನನ್ನು ಯಾವ ಕಾಯಿದೆಯೂ ಹೆಸರು ಹಿಡಿದು ಕರೆದಿಲ್ಲವಲ್ಲಾ ಎಂದು ಆ ರಾತ್ರಿ ಅನ್ನಿಸಿದ್ದು ಸುಳ್ಳಲ್ಲ.

ನಾಟಕದ ಮೇಷ್ಟ್ರು ಈಗಲೂ ಇದ್ದಾರೆ. ಕಿವಿ ಸ್ವಲ್ಪ ಮಂದ. ಆ ರಾತ್ರಿ ಅವರೂ ನಮ್ಮೊಡನೆ ಜಗಲಿಯ ಮೇಲೆ ಕುಳಿತಿದ್ದರು. ಹುಡುಗನು ಪಟ್ಟಿ ತಿದ್ದುವುದನ್ನೂ ಯಾರಿಗೋ ಸಮಾಧಾನ ಹೇಳುವುದನ್ನೂ ಬಹಳ ಹೊತ್ತು ನೋಡಿ, ಕಡೆಗೆ ಕೇಳಿದರು:

“ಏನಪ್ಪಾ, ಇಷ್ಟೊತ್ತಿಂದ ಒದ್ದಾಡ್ತಾ ಇದ್ದೀಯ, ನಿನಗೇನು ಕೊಡ್ತಾರೆ?”

“ಏನೂ ಇಲ್ಲ ತಾತ.”

“ಊಟಾನಾದ್ರೂ ಹಾಕ್ತಾರೇನೋ?”

ಹುಡುಗನು ನಕ್ಕು ತಲೆಯಾಡಿಸಿ, ಆಮೇಲಿನ ಇನ್ನೊಂದು ಆಟಕ್ಕೆ ಮತ್ತೊಬ್ಬ ಅಡ್ಮಿನ್ ತೆರೆದಿದ್ದ ಪಟ್ಟಿಯನ್ನು ನೋಡತೊಡಗಿದನು. ಇಪ್ಪತ್ತೈದೂ ತುಂಬಿದ್ದವು, ಹೊರಗೆ ಉಳಿದ ಒಂದು ತಂಡ ಅಂಗಲಾಚುತ್ತಿತ್ತು. ಅವನು ತನ್ನ ತಂಡದ ಹೆಸರನ್ನು ಅಳಿಸಿ, ಅವರದನ್ನು ಬರೆದನು. ಮೇಷ್ಟ್ರು ಒಳಗೆ ತಿರುಗಿ, ನನ್ನ ತಂಗಿಗೆ, “ಅಮ್ಮಯ್ಯ, ಈ ಮಗೂಗೆ ಒಂದು ತಟ್ಟೆ ಇಲ್ಲಿಗೇ ತಂದುಕೊಡು” ಎಂದರು.