ಜೆ.ಎಸ್. 95-60: ಬೇಗ ಮಾಗುವ ಸೋಯಾ ಅವರೆ

ಜಬಲಪುರದ ಜವಾಹರಲಾಲ ನೆಹರೂ ಕೃಷಿ ವಿಶ್ವವಿದ್ಯಾಲಯವು ರೂಪಿಸಿದ ಈ ತಳಿಯು ಸುಮಾರು 82ರಿಂದ 88 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಲ್ಲಿಯದೇ ಆದ ಪ್ರಸಿದ್ಧ ಜೆ.ಎಸ್. 335 ತಳಿಗೆ 95ರಿಂದ 100 ದಿನಗಳು ಬೇಕು. ಬೇಗ ಮಾಗುವುದೇ ಜೆ.ಎಸ್. 95-60ರ ವೈಶಿಷ್ಟ್ಯ. ಮುಂಗಾರು ಬೇಗ ಹಿಂದೆ ಸರಿದರೂ ಬೆಳೆ ಕೈಗೆ ಹತ್ತುವುದು. ಹಿಂಗಾರಿ ಕಡಲೆಗೆ ಹೊಲವೂ ಬೇಗ ತೆರವಾಗುವುದು.

ಭೂಮಿ ಚೆನ್ನಾಗಿ ಹಸಿಯಾದ ಬಳಿಕವೇ, ಜೂನ್ ಮಧ್ಯದಿಂದ ಜುಲೈ ಆರಂಭದೊಳಗೆ ಬಿತ್ತಬೇಕು. ಎಕರೆಗೆ ಸುಮಾರು 30 ಕಿಲೋ ಬೀಜ ಸಾಕು. ಬಿತ್ತುವ ಮುನ್ನ ರೈಜೋಬಿಯಂ ಲೇಪಿಸಬೇಕು. ಅವಧಿ ಕಿರಿದಾದುದರಿಂದ ಕಾಳು ಕಟ್ಟುವಾಗ ಮಳೆ ಕೈಕೊಟ್ಟರೆ ಬೆಳೆ ಚೇತರಿಸಿಕೊಳ್ಳಲು ಸಮಯವಿರದು. ಕಟಾವು ತಡವಾಗದಂತೆ ನೋಡಿಕೊಳ್ಳಬೇಕು.

ಬೀದರ, ಬೆಳಗಾವಿ ಕಡೆ ಜಮೀನುಳ್ಳ ನಮ್ಮ ಬಂಧುಗಳು ಬಿತ್ತನೆಗೆ ಮುನ್ನ ನೂರು ಬೀಜಗಳನ್ನು ಒದ್ದೆ ಗೋಣಿಯಲ್ಲಿಟ್ಟು ನೋಡಲಿ. ಎಪ್ಪತ್ತಾದರೂ ಮೊಳೆತರೆ ಮಾತ್ರ ಬಿತ್ತಲಿ ಎಂಬುದು ನಮ್ಮ ಸೂಚನೆ.